‘ಟೋಕಿಯೋ ಸ್ಟೋರಿ’ ನೋಡುವಾಗ ನಿದ್ದೆ ಬರುವುದೇಕೆ?

ಪ್ರಶ್ನೆ: ವಿಶ್ವ ಸಿನಿಮಾ ನೋಡಬೇಕೆಂಬ ಆಸೆಯಿಂದ, ಎಲ್ಲರೂ ಹೊಗಳುವ ಜಪಾನಿನ ನಿರ್ದೇಶಕ ಯಾಸುಜಿರೊ ಓಝು ಅವರ ‘ಟೋಕಿಯೋ ಸ್ಟೋರಿ’ಯಿಂದ ಶುರು ಮಾಡಿದೆ. ಮನೆಯ 43 ಇಂಚಿನ ಟಿವಿಯಲ್ಲಿ ರಾತ್ರಿ ಊಟ ಮುಗಿಸಿ ಹಾಕಿದರೆ ಮುಕ್ಕಾಲು ಗಂಟೆಗೆಲ್ಲ ತೂಕಡಿಕೆ. ಎರಡನೇ ಸಲವೂ ಅದೇ ಕತೆ. ಅಪ್ಪ-ಅಮ್ಮ ಮಕ್ಕಳ ಮನೆಗೆ ಹೋಗುತ್ತಾರೆ, ಮಕ್ಕಳು ಸರಿಯಾಗಿ ನೋಡಿಕೊಳ್ಳುವುದಿಲ್ಲ, ಅಮ್ಮ ತೀರಿಕೊಳ್ಳುತ್ತಾಳೆ. ಇಷ್ಟೇ ತಾನೆ? ನನಗೆ ಕಾಣದ್ದು ಅದರಲ್ಲೇನಿದೆ? ನೋಡಿದ ಸಿನಿಮಾಗಳ ಬಗ್ಗೆ ಬರೆದಿಡಬೇಕೆಂದಿದ್ದೇನೆ, ಆದರೆ ‘ಚೆನ್ನಾಗಿದೆ’, ‘ನಿಧಾನ’ ಬಿಟ್ಟರೆ ಬೇರೇನೂ ಹೊಳೆಯುವುದಿಲ್ಲ. ಮುಂದೆ ಯಾವುದನ್ನು ನೋಡಲಿ?

ಉತ್ತರ: ಮೊದಲು ಟಿವಿ ಸರಿ ಮಾಡಿಕೊಳ್ಳೋಣ, ಓಝು ಆಮೇಲೆ. ಇದು ಹಾರಿಕೆಯ ಮಾತಲ್ಲ. ಈ ಚಿತ್ರದಲ್ಲಿ ಕ್ಯಾಮೆರಾ ಒಂದೆರಡು ಕಡೆ ಬಿಟ್ಟರೆ ಅಲುಗುವುದೇ ಇಲ್ಲ. ಪಾತ್ರಗಳು ಹೆಚ್ಚಿನಂಶ ಕೂತೇ ಇರುತ್ತವೆ. ನೋಡಲು ಇರುವುದೆಲ್ಲ ಚೌಕಟ್ಟಿನ ಒಳಗಿನ ಸಣ್ಣ ಸಂಗತಿಗಳಲ್ಲಿ. ಟಿವಿ ಅವನ್ನೇ ನುಂಗಿಬಿಟ್ಟರೆ ಉಳಿಯುವುದು ಸಬ್‌ಟೈಟಲ್ ಮಾತ್ರ. ಎರಡು ಗಂಟೆ 16 ನಿಮಿಷ ಬರೀ ಸಬ್‌ಟೈಟಲ್ ಓದುತ್ತ ಕೂತರೆ ಯಾರಿಗಾದರೂ ನಿದ್ದೆ ಬರುತ್ತದೆ.

1953ರ ಈ ಚಿತ್ರದ ಚೌಕಟ್ಟಿನ ಅಗಲ-ಎತ್ತರದ ಅನುಪಾತ 1.37:1. ಈಗಿನ ಅಗಲ ಪರದೆಯಲ್ಲಿ ಎಡಬಲಕ್ಕೆ ಕಪ್ಪು ಪಟ್ಟಿ ಕಾಣಿಸಲೇಬೇಕು. ಕಾಣಿಸದಿದ್ದರೆ ಚಿತ್ರವನ್ನು ಅಡ್ಡಕ್ಕೆ ಹಿಗ್ಗಿಸಿ ಎಲ್ಲರ ಮುಖವನ್ನೂ ದಪ್ಪ ಮಾಡಿದ್ದಾರೆ, ಇಲ್ಲವೇ ‘ಜೂಮ್’ ಮಾಡಿ ಮೇಲೆ-ಕೆಳಗೆ ಕತ್ತರಿಸಿದ್ದಾರೆ ಎಂದರ್ಥ. ಜೂಮ್ ಹೆಚ್ಚು ಕೆಟ್ಟದ್ದು. ಎತ್ತರದಲ್ಲಿ ಶೇ. 23ರಷ್ಟು ಹೋಗಿಬಿಡುತ್ತದೆ. ಓಝು ನೆಲಕ್ಕೆ ಹತ್ತಿರ ಕ್ಯಾಮೆರಾ ಇಟ್ಟು, ಚೌಕಟ್ಟಿನ ಕೆಳಭಾಗದಲ್ಲಿ ಕೆಟಲ್, ಬೀಸಣಿಗೆ, ಟೀ ಬಟ್ಟಲುಗಳನ್ನು ಅಳೆದು ಜೋಡಿಸುತ್ತಿದ್ದವರು. ಜೂಮ್ ಮಾಡಿದ ಪ್ರತಿಯಲ್ಲಿ ಮೊದಲು ಮಾಯವಾಗುವುದು ಅವೇ. ಯೂಟ್ಯೂಬಿನ ಅನೇಕ ಪ್ರತಿಗಳ ಗತಿ ಇದು. ಟಿವಿಯ ಪಿಕ್ಚರ್ ಸೈಜ್ ಮೆನುವಿಗೆ ಹೋಗಿ ‘ಒರಿಜಿನಲ್’ ಅಥವಾ ‘ಜಸ್ಟ್ ಸ್ಕ್ಯಾನ್’ ಥರದ ಆಯ್ಕೆ ಹುಡುಕಿ.

ಇನ್ನೊಂದು ಲೆಕ್ಕ. ಎಡಬಲಕ್ಕೆ ಪಟ್ಟಿ ಬಂದಾಗ ನಿಮ್ಮ 43 ಇಂಚಿನ ಟಿವಿಯಲ್ಲಿ ನಿಜಕ್ಕೂ ಸಿಗುವುದು ಸುಮಾರು 36 ಇಂಚಿನ ಚಿತ್ರ. ನಮ್ಮ ಹಾಲ್‌ಗಳಲ್ಲಿ ಸೋಫಾ ಸಾಮಾನ್ಯವಾಗಿ ಟಿವಿಯಿಂದ ಎಂಟು-ಹತ್ತು ಅಡಿ ದೂರ. ಅಲ್ಲಿಂದ ನೋಡಿದರೆ ಹಿನ್ನೆಲೆಯ ಕೋಣೆಯಲ್ಲಿ ಯಾರು ಎದ್ದರು, ಯಾರು ಕೂತರು ತಿಳಿಯುವುದಿಲ್ಲ. ಕುರ್ಚಿ ಎಳೆದುಕೊಂಡು ನಾಲ್ಕೂವರೆ-ಐದು ಅಡಿಗೆ ಬನ್ನಿ.

ಆಮೇಲೆ ಚಲನೆಯನ್ನು ನುಣುಪು ಮಾಡುವ ಸೌಲಭ್ಯವನ್ನು ಪೂರ್ತಿ ಆಫ್ ಮಾಡಿ. ಸೋನಿಯಲ್ಲಿ ಅದು ‘ಮೋಷನ್‌ಫ್ಲೋ’, ಎಲ್‌ಜಿಯಲ್ಲಿ ‘ಟ್ರೂಮೋಷನ್’, ಸ್ಯಾಮ್‌ಸಂಗ್‌ನಲ್ಲಿ ‘ಪಿಕ್ಚರ್ ಕ್ಲಾರಿಟಿ’. ಸೆಕೆಂಡಿಗೆ 24 ಫ್ರೇಮ್‌ಗಳ ನಡುವೆ ಟಿವಿ ತಾನೇ ಕಲ್ಪಿಸಿದ ಫ್ರೇಮ್‌ಗಳನ್ನು ತುಂಬಿಸಿ ಎಲ್ಲವನ್ನೂ ಧಾರಾವಾಹಿಯ ಹಾಗೆ ಕಾಣಿಸುತ್ತದೆ. ನಾಯ್ಸ್ ರಿಡಕ್ಷನ್ ಕೂಡ ಬೇಡ. ಅದಕ್ಕೆ ಫಿಲ್ಮಿನ ಕಣವೂ ಒಂದೇ, ಕಸವೂ ಒಂದೇ, ಎರಡನ್ನೂ ಒರೆಸಿ ಮುಖಗಳನ್ನು ಮೇಣದಂತೆ ಮಾಡುತ್ತದೆ. ಪಿಕ್ಚರ್ ಮೋಡ್ ‘ಸಿನಿಮಾ’ ಅಥವಾ ‘ಫಿಲ್ಮ್‌ಮೇಕರ್’ ಇರಲಿ. ‘ವಿವಿಡ್’ನಲ್ಲಿಟ್ಟರೆ ಕಪ್ಪು-ಬಿಳುಪು ಚಿತ್ರ ನೀಲಿಗೆ ತಿರುಗುತ್ತದೆ. ಇಷ್ಟೆಲ್ಲ ಮಾಡಿದರೂ ಅಲ್ಲಲ್ಲಿ ಮಬ್ಬು ಕಂಡರೆ ಟಿವಿಯನ್ನು ಬೈಯಬೇಡಿ. ಈ ಚಿತ್ರದ ಮೂಲ ನೆಗೆಟಿವ್ ಉಳಿದಿಲ್ಲ, ಪುನಶ್ಚೇತನವೆಲ್ಲ ಆಮೇಲಿನ ಪ್ರತಿಗಳಿಂದಲೇ ಆದದ್ದು.

ನಿಮ್ಮ ಪ್ರತಿಯ ಅವಧಿಯನ್ನೂ ನೋಡಿಕೊಳ್ಳಿ. 136 ನಿಮಿಷದ ಬದಲು 130-131 ಎಂದಿದ್ದರೆ ಅದು ಯುರೋಪಿನ ಹಳೆಯ ಟಿವಿ ವ್ಯವಸ್ಥೆಗಾಗಿ ಸೆಕೆಂಡಿಗೆ 25 ಫ್ರೇಮ್‌ನಂತೆ ಓಡಿಸಿದ ಪ್ರತಿ ಇರಬಹುದು. ಶೇ. 4ರಷ್ಟು ವೇಗ ಹೆಚ್ಚು, ದನಿಗಳೂ ಸ್ವಲ್ಪ ಕೀರಲು. ಇಂಥ ಪ್ರತಿಗೆ ಬೇರೆಡೆಯ ಸಬ್‌ಟೈಟಲ್ ಕಡತ ಹಾಕಿದರೆ ಮೊದಲು ಸರಿಯಾಗಿದ್ದು ಹೋಗುತ್ತಾ ಹೋಗುತ್ತಾ ಹಿಂದೆ ಬೀಳುತ್ತದೆ. ಕಂಪ್ಯೂಟರಿನ ವಿಎಲ್‌ಸಿ ಪ್ಲೇಯರ್‌ನಲ್ಲಿ ‘ಜಿ’, ‘ಎಚ್’ ಕೀ ಒತ್ತಿ ಸರಿಸಿದರೂ ಹತ್ತು ನಿಮಿಷಕ್ಕೆ ಮತ್ತೆ ತಪ್ಪುವುದು ಇದೇ ಕಾರಣಕ್ಕೆ. ಪ್ರತಿಯನ್ನೇ ಬದಲಿಸುವುದು ಒಳ್ಳೆಯದು.

ಧ್ವನಿಯ ವಿಷಯದಲ್ಲಿ ಹೇಳಬೇಕಾದ್ದು ಸ್ವಲ್ಪ. ‘ಸರೌಂಡ್’, ‘ಕ್ಲಿಯರ್ ವಾಯ್ಸ್’ ಎರಡನ್ನೂ ತೆಗೆಯಿರಿ. ವೃದ್ಧ ದಂಪತಿಯ ಊರಾದ ಒನೊಮಿಚಿಯ ಬಂದರಿನ ದೋಣಿಗಳ ಟಕಟಕ ಸದ್ದು, ರೈಲಿನ ಕೂಗು ಈ ಚಿತ್ರದ ಮೊದಲಿಗೂ ಕೊನೆಗೂ ಬರುತ್ತವೆ. ಮಾತನ್ನು ಎತ್ತಿ ಹಿನ್ನೆಲೆಯನ್ನು ಅದುಮುವ ಸೌಲಭ್ಯ ಮೊದಲು ಕೊಲ್ಲುವುದು ಅವನ್ನೇ. ಫ್ಯಾನಿನ ಸದ್ದಿಗೆ ಕೇಳದಿದ್ದರೆ ಹೆಡ್‌ಫೋನ್ ಹಾಕಿಕೊಳ್ಳಿ.

ಊಟವಾದ ಮೇಲಂತೂ ಬೇಡವೇ ಬೇಡ. ಭಾನುವಾರ ಬೆಳಗ್ಗೆ ತಿಂಡಿಗೆ ಮುಂಚೆ, ಇಲ್ಲವೇ ಸಂಜೆ ಕಾಫಿಯಾದ ಮೇಲೆ ಹಾಕಿ. ನಡುವೆ ಏಳಲೇಬೇಕಾದರೆ ವೃದ್ಧ ದಂಪತಿ ಅಟಾಮಿಯ ಬಿಸಿನೀರಿನ ಬುಗ್ಗೆಯ ಊರಿಗೆ ಹೊರಡುವ ಮುನ್ನ ಒಮ್ಮೆ ನಿಲ್ಲಿಸಿ. ಅದಾದ ಮೇಲೆ ನಿಲ್ಲಿಸಬೇಡಿ. 1.25ರ ವೇಗದಲ್ಲಿ ನೋಡುವ ಆಲೋಚನೆಯೂ ಬೇಡ, ಯಾಕೆನ್ನುವುದು ಮುಂದಿನ ಮಾತಿನಲ್ಲಿ ಗೊತ್ತಾಗುತ್ತದೆ.

‘ನಿಧಾನ’ ಅಂದಿರಿ. ಚಿತ್ರೋತ್ಸವದ ಸಿನಿಮಾಗಳ ಬಗ್ಗೆ ಎಲ್ಲರೂ ಬಳಸುವ ಈ ಪದದೊಳಗೆ ಒಂದಕ್ಕೊಂದು ಸಂಬಂಧವಿಲ್ಲದ ಸಂಗತಿಗಳು ಸೇರಿಕೊಂಡಿವೆ. ಹಂಗೇರಿಯ ಬೇಲಾ ತಾರ್ ಅವರ ‘ದ ಟುರಿನ್ ಹಾರ್ಸ್’ (2011) ಎರಡೂವರೆ ಗಂಟೆಯ ಹತ್ತಿರದ ಚಿತ್ರ, ಅದರಲ್ಲಿರುವುದು 30 ಶಾಟ್ (ಒಂದು ಕಟ್‌ನಿಂದ ಮುಂದಿನ ಕಟ್‌ವರೆಗಿನ ತುಣುಕು). ಅಂದರೆ ಒಂದೊಂದೂ ಸರಾಸರಿ ಐದು ನಿಮಿಷ. ಅಲ್ಲಿ ನಿಧಾನ ಎನ್ನುವುದು ಶಾಟಿನ ಉದ್ದ. ‘ಟೋಕಿಯೋ ಸ್ಟೋರಿ’ಯಲ್ಲಿ ಶಾಟಿನ ಸರಾಸರಿ ಉದ್ದ ಹತ್ತು ಸೆಕೆಂಡಿನ ಆಸುಪಾಸು. ಒಬ್ಬರು ಮಾತು ಮುಗಿಸಿದೊಡನೆ ಕಟ್, ಇನ್ನೊಬ್ಬರ ಮುಖ, ಮತ್ತೆ ಕಟ್. ಕತ್ತರಿ ಕೆಲಸ ಮಾಡುತ್ತಲೇ ಇರುತ್ತದೆ. ಹಾಗಿದ್ದೂ ನಿಧಾನ ಅನಿಸಿತೆಂದರೆ ಕಾರಣ ಬೇರೆ ಇರಬೇಕು.

ನಾವು ಯಾವುದಕ್ಕೆ ಕಾದು ಕೂತಿರುತ್ತೇವೋ ಅದನ್ನು ಓಝು ತೋರಿಸುವುದಿಲ್ಲ, ಇದೇ ಆ ಕಾರಣ. ದಂಪತಿ ಒನೊಮಿಚಿಯಲ್ಲಿ ಸಾಮಾನು ಕಟ್ಟುತ್ತಿರುತ್ತಾರೆ. ಮುಂದೆ ಟೋಕಿಯೋದ ಚಿಮಣಿಗಳು ಕಾಣುತ್ತವೆ, ಅವರು ಬಂದಾಗಿದೆ. ಅಷ್ಟು ದೂರದ ರೈಲು ಪ್ರಯಾಣವೇ ಇಲ್ಲ. ವಾಪಸ್ ಹೋಗುವಾಗ ತಾಯಿ ತೋಮಿಗೆ ರೈಲಿನಲ್ಲಿ ಹುಷಾರು ತಪ್ಪುತ್ತದೆ. ಅದನ್ನೂ ನಾವು ನೋಡುವುದಿಲ್ಲ. ಒಸಾಕದಲ್ಲಿ ರೈಲ್ವೆ ಕೆಲಸದಲ್ಲಿರುವ ಮಗ ಕೇಯ್ಝೊ ಸಹೋದ್ಯೋಗಿಗೆ ಹೇಳುವಾಗ, ಮಾತಿನ ನಡುವೆ ನಮಗೂ ತಿಳಿಯುತ್ತದೆ. ಸಾವೂ ಅಷ್ಟೇ. ಬೆಳಗಾಗುವವರೆಗೆ ಉಳಿಯುವುದು ಕಷ್ಟ ಎಂದು ವೈದ್ಯನಾದ ಹಿರಿಮಗ ಕೋಇಚಿ ಹೇಳುತ್ತಾನೆ. ಮುಂಜಾವಿನ ಖಾಲಿ ಬಂದರಿನ ಶಾಟ್‌ಗಳು ಬರುತ್ತವೆ. ಆಮೇಲೆ ನೋಡಿದರೆ ಅವಳ ಮುಖದ ಮೇಲೆ ಬಿಳಿ ಬಟ್ಟೆ. ನಮ್ಮ ಕಣ್ಣು ಪಳಗಿರುವುದು ಇವೇ ಘಟ್ಟಗಳಿಗೆ. ಅವನ್ನು ಕಿತ್ತುಹಾಕಿ, ಅವುಗಳ ಹಿಂದು-ಮುಂದಿನ ಮಾತುಕತೆಯನ್ನಷ್ಟೇ ಉಳಿಸಿದರೆ ‘ಏನೂ ಆಗುತ್ತಿಲ್ಲ’ ಅನಿಸದೆ ಇನ್ನೇನು? ವೇಗ ಹೆಚ್ಚಿಸಿದರೂ ಇದು ಸರಿಹೋಗುವುದಿಲ್ಲ. ಇಲ್ಲದ ಘಟನೆ ಬೇಗ ಓಡಿಸಿದ ಮಾತ್ರಕ್ಕೆ ಬಂದುಬಿಡುವುದಿಲ್ಲ, ಇರುವ ವಿರಾಮಗಳು ಮಾತ್ರ ಹಾಳಾಗುತ್ತವೆ.

ಈ ಸಲ ನೋಡುವಾಗ ಹೀಗೆ ಮಾಡಿ. ಒಂದು ದೃಶ್ಯ ಮುಗಿದು ಚಿಮಣಿಯೋ, ಒಣಹಾಕಿದ ಬಟ್ಟೆಯೋ, ಯಾರೂ ಇಲ್ಲದ ಓಣಿಯೋ ಬರುತ್ತದಲ್ಲ, ಆಗ ಮನಸ್ಸಿನಲ್ಲೇ ಕೇಳಿಕೊಳ್ಳಿ: ಎಷ್ಟು ಹೊತ್ತು ಕಳೆಯಿತು? ಯಾವುದನ್ನು ಬಿಟ್ಟರು? ಮುಂದಿನ ದೃಶ್ಯದ ಮೊದಲ ಮಾತುಗಳಲ್ಲಿ ಉತ್ತರ ಇರುತ್ತದೆ. ಈ ಶಾಟ್‌ಗಳನ್ನು ಅಲಂಕಾರವೆಂದೋ, ಝೆನ್ ಬೌದ್ಧ ತತ್ತ್ವವೆಂದೋ ಬರೆಯುವವರು ಬಹಳ. ಕಮಕುರಾದಲ್ಲಿ ಓಝು ಸಮಾಧಿಯ ಮೇಲೆ ಶೂನ್ಯ ಎಂಬರ್ಥದ ಅಕ್ಷರ ಇರುವುದು ಆ ಬರಹಗಳಿಗೆ ಇನ್ನಷ್ಟು ಇಂಬು ಕೊಟ್ಟಿದೆ. ನೋಡುವವರಿಗೆ ಅದರಿಂದ ಆಗುವ ಉಪಯೋಗ ಕಡಿಮೆ. ಕಾಲ ಎಲ್ಲಿ ಹಾರಿತು ಎಂದು ಲೆಕ್ಕ ಇಡಿ, ಸಾಕು. ನಿದ್ದೆಯೂ ಹತ್ತಿರ ಸುಳಿಯುವುದಿಲ್ಲ.

ಇನ್ನೊಂದು ಗೊಂದಲ ನಿಮಗೂ ಆಗಿರುತ್ತದೆ, ಹೆಸರಿಡಲು ಆಗಿರಲಿಕ್ಕಿಲ್ಲ. ಇಬ್ಬರು ಎದುರುಬದುರು ಮಾತಾಡುವಾಗ ಒಬ್ಬರು ಎಡಕ್ಕೆ, ಇನ್ನೊಬ್ಬರು ಬಲಕ್ಕೆ ನೋಡುವಂತೆ ತೆಗೆಯುವುದು ರೂಢಿ. ಕ್ಯಾಮೆರಾ ಇಬ್ಬರ ನಡುವಿನ ಕಾಲ್ಪನಿಕ ಗೆರೆಯ ಒಂದೇ ಬದಿಯಲ್ಲಿ ಇರುತ್ತದೆ. ಓಝು ಆ ಗೆರೆಯನ್ನು ಲೆಕ್ಕಕ್ಕೇ ತೆಗೆದುಕೊಳ್ಳದೆ ಸುತ್ತ ಎಲ್ಲಿ ಬೇಕಾದರೂ ಕ್ಯಾಮೆರಾ ಇಡುತ್ತಾರೆ, ಪಾತ್ರಗಳು ಹೆಚ್ಚುಕಡಿಮೆ ನಮ್ಮನ್ನೇ ನೋಡಿ ಮಾತಾಡುತ್ತವೆ. ಕಟ್ ಆದಾಗ ಹಿನ್ನೆಲೆ ಪೂರ್ತಿ ಬದಲಾಗಿ, ಯಾರು ಎಲ್ಲಿ ಕೂತಿದ್ದಾರೆ ಎಂದು ಕಣ್ಣು ಹುಡುಕುತ್ತದೆ. ಮೊದಲ ಅರ್ಧ ಗಂಟೆಯ ಆಯಾಸಕ್ಕೆ ಇದೂ ಕಾರಣ. ಕೋಣೆಯ ಒಂದು ವಸ್ತುವನ್ನು, ಒಂದು ದೀಪವನ್ನೋ ಬಾಗಿಲನ್ನೋ, ಗುರುತು ಇಟ್ಟುಕೊಂಡರೆ ದಿಕ್ಕು ಸಿಗುತ್ತದೆ.

ಕ್ಯಾಮೆರಾದ ಎತ್ತರದ ಬಗ್ಗೆ, ಚಾಪೆಯ ಮೇಲೆ ಕೂತ ಜಪಾನಿಯ ಕಣ್ಣಿನ ಮಟ್ಟ ಎಂದು ಎಲ್ಲೆಡೆ ಓದುತ್ತೀರಿ. ಸರಿಯಾಗಿ ನೋಡಿದರೆ ಅದು ಬಹಳ ಕಡೆ ಕೂತವರ ಕಣ್ಣಿಗಿಂತಲೂ ಕೆಳಗಿದೆ. ಕುರ್ಚಿ-ಮೇಜಿನ ಆಫೀಸಿನಲ್ಲಿ, ಓಣಿಯಲ್ಲಿ, ಚಾಪೆಯ ಮಾತೇ ಇಲ್ಲದ ಕಡೆಯೂ ಹಾಗೇ ಇದೆ. ಛಾಯಾಗ್ರಾಹಕ ಯೂಹರು ಅತ್ಸುತಾ ಜೊತೆ, ಬಹುಮಟ್ಟಿಗೆ 50 ಮಿ.ಮೀ. ಲೆನ್ಸ್ ಒಂದರಲ್ಲೇ, ದೃಶ್ಯಗಳೆಲ್ಲ ಒಂದೇ ಅಳತೆಯಲ್ಲಿ ಕೂರುವಂತೆ ಮಾಡಿಕೊಂಡ ಏರ್ಪಾಡು ಅದು. ಇದರ ಲಾಭ ನೋಡುವವರಿಗೆ: ಅಳತೆ ಬದಲಾಗದ ಕಾರಣ ಒಳಗಿನ ಸಣ್ಣ ಬದಲಾವಣೆಯೂ ಎದ್ದು ಕಾಣುತ್ತದೆ. ಆರಂಭದಲ್ಲಿ ಇಬ್ಬರು ಕೂತಿದ್ದ ಜಾಗದಲ್ಲಿ ಕೊನೆಗೆ ಒಬ್ಬರೇ ಕೂತಿರುವುದನ್ನು ಯಾರೂ ಮಾತಿನಲ್ಲಿ ಹೇಳಬೇಕಾಗುವುದಿಲ್ಲ.

ಈಗ ನಿಮ್ಮ ‘ಇಷ್ಟೇ ತಾನೆ’ಗೆ ಬರೋಣ. ಮಕ್ಕಳು ಸರಿಯಾಗಿ ನೋಡಿಕೊಳ್ಳುವುದಿಲ್ಲ ಎಂದಿರಿ. ಹೆತ್ತವರನ್ನು ಬೀದಿಗೆ ತಳ್ಳುವ ಮಕ್ಕಳ ಕಥೆಗಳನ್ನು ನೋಡಿ ಬೆಳೆದ ನಮಗೆ ಈ ಚಿತ್ರವನ್ನೂ ಅದೇ ಸಾಲಿಗೆ ಸೇರಿಸುವ ಚಾಳಿ ಇದೆ. ಬ್ಯೂಟಿ ಪಾರ್ಲರ್ ನಡೆಸುವ ಮಗಳು ಶಿಗೆ ಕೆಟ್ಟವಳು, ಯುದ್ಧದಲ್ಲಿ ಗಂಡನನ್ನು ಕಳೆದುಕೊಂಡ ಸೊಸೆ ನೊರಿಕೊ ಒಳ್ಳೆಯವಳು, ಮುಗಿಯಿತು. ಹಾಗೆ ಓದಿದರೆ ಚಿತ್ರ ನಿಜವಾಗಿಯೂ ತೆಳ್ಳಗಾಗುತ್ತದೆ, ಬೇಸರವಾಗುತ್ತದೆ. ಆದರೆ ಶಿಗೆಯನ್ನೇ ಹಿಡಿದುಕೊಂಡು ಒಂದು ಸಲ ಪೂರ್ತಿ ನೋಡಿ. ಅಪ್ಪ ರಾತ್ರಿ ಕುಡಿದು ಬಂದಾಗ ಅವಳು ಸಿಡುಕುತ್ತಾಳೆ. ತಾನು ಚಿಕ್ಕವಳಿದ್ದಾಗಲೂ ಅಪ್ಪ ಹೀಗೇ ಕುಡಿದು ಬರುತ್ತಿದ್ದ, ಕೊನೆಯ ತಂಗಿ ಹುಟ್ಟಿದ ಮೇಲೆ ಬಿಟ್ಟ ಎನ್ನುವ ಸಂಗತಿ ಆ ಸಿಡುಕಿನಲ್ಲೇ ಹೊರಬರುತ್ತದೆ. ನಗುತ್ತ ತಲೆಯಾಡಿಸುವ ಆ ಸಾಧು ಮುದುಕ ಈ ಮಗಳ ಬಾಲ್ಯದಲ್ಲಿ ಬೇರೆಯೇ ಮನುಷ್ಯ ಆಗಿದ್ದ. ಒಂದೇ ಸಲ ಬರುವ ಮಾತು ಇದು, ತೂಕಡಿಸಿದರೆ ಹೋಯಿತು. ತಾಯಿ ಸತ್ತಾಗ ಎಲ್ಲರಿಗಿಂತ ಜೋರಾಗಿ ಅಳುವವಳು ಶಿಗೆ. ಸ್ವಲ್ಪ ಹೊತ್ತಿಗೆ ಅಮ್ಮನ ಬಟ್ಟೆ ತನಗಿರಲಿ ಎಂದು ಕೇಳುವವಳೂ ಅವಳೇ. ಎರಡೂ ಸುಳ್ಳಲ್ಲ. ಇತ್ತ ನೊರಿಕೊ, ಗಂಡನ ನೆನಪೇ ಬಾರದ ದಿನಗಳೂ ಇವೆ ಎಂದು ಮಾವನ ಮುಂದೆ ಒಪ್ಪಿಕೊಳ್ಳುತ್ತಾಳೆ. ಒಳ್ಳೆಯವಳು ಎಂಬ ಪಟ್ಟ ಅವಳಿಗೇ ಭಾರವಾಗಿದೆ. ದಂಪತಿಯೂ ಮಕ್ಕಳ ಬಗ್ಗೆ ಬೇಸರಪಟ್ಟುಕೊಂಡು, ಮತ್ತೆ ತಾವೇ ಬೇರೆಯವರ ಮಕ್ಕಳಿಗಿಂತ ಇವರು ವಾಸಿ ಎಂದು ಸಮಾಧಾನ ಹೇಳಿಕೊಳ್ಳುತ್ತಾರೆ. ಚಿತ್ರಕಥೆಯಲ್ಲಿ ಓಝು ಜೊತೆಗಿದ್ದ ಕೋಗೊ ನೋಡ ಈ ತೂಗುವಿಕೆಯಲ್ಲಿ ಪಳಗಿದವರು, ಯಾರ ಕಡೆಗೂ ವಾಲಲು ನಮಗೆ ಅನುಕೂಲ ಮಾಡಿಕೊಡುವುದಿಲ್ಲ.

ಬರೆದಿಡುವ ವಿಚಾರ. ‘ಚೆನ್ನಾಗಿದೆ’ ಎನ್ನುವುದು ತೀರ್ಪು. ತೀರ್ಪಿನಿಂದ ಶುರು ಮಾಡಿದರೆ ಎರಡನೆಯ ವಾಕ್ಯಕ್ಕೆ ದಾರಿ ಇರುವುದಿಲ್ಲ. ಸಿನಿಮಾ ಮುಗಿದು ಹತ್ತು ನಿಮಿಷದೊಳಗೆ, ಯಾವ ವಿಮರ್ಶೆಯನ್ನೂ ಓದುವ ಮೊದಲು, ನೆನಪಿಗೆ ಬರುವ ಒಂದು ಶಾಟನ್ನು ಐದು ವಾಕ್ಯಗಳಲ್ಲಿ ವರ್ಣಿಸಿ: ಯಾರು ಎಲ್ಲಿ, ಬೆಳಕು ಎಲ್ಲಿಂದ, ಏನು ಸದ್ದು, ಮುಂಚೆ ಏನಿತ್ತು, ಆಮೇಲೆ ಏನು ಬಂತು. ವಿಶೇಷಣ ಬೇಡ. ಆಮೇಲೆ ಗಮನ ಎಲ್ಲಿ ಜಾರಿತು ಎಂದು ಗಂಟೆ-ನಿಮಿಷದ ಸಮೇತ ಬರೆದು, ಆ ಹೊತ್ತಿನಲ್ಲಿ ನೀವು ಏನಾಗಲೆಂದು ಕಾಯುತ್ತಿದ್ದಿರಿ ಎಂಬುದನ್ನೂ ಸೇರಿಸಿ. ಬೇಸರದ ಬಗ್ಗೆ ಇದಕ್ಕಿಂತ ಪ್ರಾಮಾಣಿಕವಾದ ದಾಖಲೆ ಇಲ್ಲ. ಮರುದಿನ ಆ ಐದು ನಿಮಿಷವನ್ನು ಮಾತ್ರ ಮತ್ತೆ ಹಾಕಿ. ನೀವು ಕಾಯುತ್ತಿದ್ದದ್ದು ಅಲ್ಲಿ ಇಲ್ಲ, ಸರಿ, ಅದರ ಜಾಗದಲ್ಲಿ ಏನಿದೆ? ನಿಮ್ಮ ಬರಹ ಅಲ್ಲಿಂದ ಶುರುವಾಗಬೇಕು. ನೋಡುತ್ತಿರುವಾಗಲೇ ಟಿಪ್ಪಣಿ ಮಾಡಬೇಡಿ. ಸಬ್‌ಟೈಟಲ್, ಚಿತ್ರ, ಪುಸ್ತಕ ಮೂರರ ನಡುವೆ ಕಣ್ಣು ಓಡಾಡಿ ಯಾವುದೂ ದಕ್ಕುವುದಿಲ್ಲ.

ಮುಂದೇನು ಎಂಬುದಕ್ಕೆ: ಪಟ್ಟಿಗಳ ತುದಿಯಿಂದ ಶುರು ಮಾಡಿದ್ದೇ ತೊಡಕಾಯಿತು. ಬ್ರಿಟನ್ನಿನ ಸಿನಿಮಾ ಪತ್ರಿಕೆ ‘ಸೈಟ್ ಅಂಡ್ ಸೌಂಡ್’ 2012ರಲ್ಲಿ ನಡೆಸಿದ ಸಾರ್ವಕಾಲಿಕ ಶ್ರೇಷ್ಠ ಚಿತ್ರಗಳ ಸಮೀಕ್ಷೆಯಲ್ಲಿ ನಿರ್ದೇಶಕರು ‘ಟೋಕಿಯೋ ಸ್ಟೋರಿ’ಗೆ ಮೊದಲ ಸ್ಥಾನ ಕೊಟ್ಟರು. 2022ರಲ್ಲಿ ವಿಮರ್ಶಕರು ಬೆಲ್ಜಿಯಂನ ಶಾಂತಾಲ್ ಅಕರ್‌ಮನ್ ಅವರ ‘ಝಾನ್ ಡೀಲ್ಮನ್’ (1975) ಚಿತ್ರಕ್ಕೆ ಕೊಟ್ಟರು. ಮತ ಹಾಕಿದವರು ಆ ಚಿತ್ರಗಳನ್ನು ಹಲವು ಸಲ ನೋಡಿ ತಲುಪಿದ ಜಾಗ ಅದು, ಹೊಸಬರು ಹತ್ತುವ ಮೆಟ್ಟಿಲಲ್ಲ.

ಓಝು ಅವರದೇ ‘ಗುಡ್ ಮಾರ್ನಿಂಗ್’ (1959) ಮೊದಲು ನೋಡಿ. 94 ನಿಮಿಷ, ಬಣ್ಣದ ಚಿತ್ರ, ಟಿವಿ ಕೊಡಿಸುವವರೆಗೆ ಮಾತೇ ಆಡುವುದಿಲ್ಲ ಎಂದು ಹಟ ಹಿಡಿದ ಇಬ್ಬರು ಹುಡುಗರ ತಮಾಷೆ, ಹೂಸಿನ ಜೋಕು ಸಮೇತ. ಅದೇ ಕ್ಯಾಮೆರಾ, ಅದೇ ಕಟ್. ನಗುತ್ತಲೇ ಕಣ್ಣು ಆ ವ್ಯಾಕರಣಕ್ಕೆ ಒಗ್ಗಿಕೊಳ್ಳುತ್ತದೆ. ಆಮೇಲೆ ‘ಲೇಟ್ ಸ್ಪ್ರಿಂಗ್’ (1949). ‘ಟೋಕಿಯೋ ಸ್ಟೋರಿ’ಗೆ ಒಂದೆರಡು ತಿಂಗಳು ಬಿಟ್ಟು ಮರಳಿ ಬನ್ನಿ.

ನಡುವೆ ಗಿರೀಶ್ ಕಾಸರವಳ್ಳಿ ಅವರ ‘ಘಟಶ್ರಾದ್ಧ’ (1977) ನೋಡಲು ಹೇಳುವುದಕ್ಕೆ ಅಭಿಮಾನ ಕಾರಣವಲ್ಲ, ಸಬ್‌ಟೈಟಲ್. ನಿಮ್ಮ ಕಣ್ಣು ಓದುವ ಕೆಲಸದಿಂದ ಪೂರ್ತಿ ಬಿಡುವು ಪಡೆದು ಎಸ್. ರಾಮಚಂದ್ರ ಅವರ ಕಪ್ಪು-ಬಿಳುಪು ಛಾಯಾಗ್ರಹಣವನ್ನು ನೋಡಬಹುದು. ವಿಧವೆ ಯಮುನಾಳ ದುರಂತವನ್ನು ಹುಡುಗ ನಾಣಿ ಎಷ್ಟು ಕಂಡ, ಎಷ್ಟು ಕಾಣಲಿಲ್ಲ ಎಂದು ಗಮನಿಸಿ. ಬಿಟ್ಟದ್ದನ್ನು ಲೆಕ್ಕ ಹಾಕುವ ಅಭ್ಯಾಸಕ್ಕೆ ಇದಕ್ಕಿಂತ ಹತ್ತಿರದ ಪಾಠ ಸಿಗದು. ಪುನಶ್ಚೇತನಗೊಂಡ ಪ್ರತಿ 2024ರಲ್ಲಿ ವೆನಿಸ್ ಚಿತ್ರೋತ್ಸವದಲ್ಲಿ ಪ್ರದರ್ಶನವಾಯಿತು. ಅದು ನಿಮ್ಮ ಕಡೆ ತೆರೆಗೆ ಬಂದರೆ ಬಿಡಬೇಡಿ.

ಇರಾನಿನ ಅಬ್ಬಾಸ್ ಕಿಯಾರೊಸ್ತಮಿ ಅವರ ‘ವೇರ್ ಈಸ್ ದ ಫ್ರೆಂಡ್ಸ್ ಹೌಸ್’ (1987) 83 ನಿಮಿಷ. ತಪ್ಪಿ ತನ್ನ ಜೊತೆ ಬಂದ ಗೆಳೆಯನ ನೋಟ್‌ಬುಕ್ ಹಿಂತಿರುಗಿಸಲು ಹುಡುಗನೊಬ್ಬ ಪಕ್ಕದ ಊರಿಗೆ ಓಡುತ್ತಾನೆ, ಅಷ್ಟೇ. ಕೊಟ್ಟನೇ ಇಲ್ಲವೇ ಎಂಬ ಆತಂಕ ಹಿಡಿದು ಕೂರಿಸುವುದರಿಂದ ನಿಧಾನದ ದೂರು ಬರುವುದು ಅಪರೂಪ. ಫ್ರಾನ್ಸಿನ ರಾಬರ್ಟ್ ಬ್ರೆಸ್ಸನ್ ಅವರ ‘ಪಿಕ್‌ಪಾಕೆಟ್’ (1959), ಜೇಬುಗಳ್ಳನೊಬ್ಬನ ಕತೆ, ಇನ್ನೂ ಚಿಕ್ಕದು, 75 ನಿಮಿಷ. ಅಲ್ಲಿ ಕಾಡುವುದು ನಿಧಾನವಲ್ಲ, ಭಾವವೇ ಇಲ್ಲದ ನಟನೆ. ವೃತ್ತಿನಟರನ್ನು ಬಿಟ್ಟು ಬೇಕೆಂದೇ ಹಾಗೆ ಮಾಡಿಸಿದ್ದು, ಮುಖ ಬಿಟ್ಟು ಕೈಗಳನ್ನು ನೋಡಿದರೆ ದಾರಿ ತೆರೆಯುತ್ತದೆ.

‘ಝಾನ್ ಡೀಲ್ಮನ್’ 201 ನಿಮಿಷ. ಗೃಹಿಣಿಯೊಬ್ಬಳ ಮನೆಗೆಲಸವನ್ನು ಅದಕ್ಕೆ ತಗಲುವ ಹೊತ್ತಿನಷ್ಟೇ ತೋರಿಸುವುದರಿಂದ ಓಝು ಚಿತ್ರಕ್ಕೆ ನೇರ ವಿರುದ್ಧ. ಇಲ್ಲಿ ಏನನ್ನೂ ಬಿಡುವುದಿಲ್ಲ. ಮೊದಲ ದಿನದ ಕೆಲಸಗಳ ಕ್ರಮವನ್ನು ಬಾಯಿಪಾಠದಂತೆ ಗಮನಿಸಿಕೊಂಡರೆ ಮಾತ್ರ ಎರಡನೆಯ ದಿನ ಆಲೂಗಡ್ಡೆ ಹೆಚ್ಚು ಬೆಂದದ್ದು ಅನಾಹುತದಂತೆ ತಟ್ಟುತ್ತದೆ. ದಿನ ಮುಗಿದಾಗ ತೆರೆಯ ಮೇಲೆ ಬರಹ ಬರುತ್ತದೆ, ಮೊದಲ ದಿನದ ಕೊನೆಗೆ ಬೇಕಾದರೆ ಕಾಫಿ ಕುಡಿದು ಬನ್ನಿ. ತಾರ್ ಅವರ ಏಳು ಗಂಟೆ ಮೀರುವ ‘ಸಾತಾನ್‌ಟ್ಯಾಂಗೊ’ (1994) ಮನೆಯ ಟಿವಿಯಲ್ಲಿ ಬೇಡ. ಅದನ್ನು ಚಿತ್ರಮಂದಿರದಲ್ಲಿ, ಫೋನು ಕೈಗೆ ಸಿಗದ ಜಾಗದಲ್ಲಿ ನೋಡಬೇಕು.

ಬೆಂಗಳೂರಿನ ಚಿತ್ರೋತ್ಸವಕ್ಕೆ ಹೋಗುವುದಾದರೆ ದಿನಕ್ಕೆ ಮೂರಕ್ಕಿಂತ ಹೆಚ್ಚು ಚಿತ್ರ ಹಾಕಿಕೊಳ್ಳಬೇಡಿ. ಅತಿ ನಿಧಾನದ್ದು ಯಾವುದೆಂದು ಮೊದಲೇ ತಿಳಿದುಕೊಂಡು ಅದನ್ನು ಬೆಳಗಿನ ಮೊದಲ ಆಟಕ್ಕೆ ಇಟ್ಟುಕೊಳ್ಳಿ. ಇಷ್ಟೆಲ್ಲ ಮಾಡಿ, ‘ಟೋಕಿಯೋ ಸ್ಟೋರಿ’ಯನ್ನು ಎಚ್ಚರದಿಂದ ಒಮ್ಮೆ ಪೂರ್ತಿ ನೋಡಿಯೂ ಮನಸ್ಸಿಗೆ ತಟ್ಟದಿದ್ದರೆ ಹಾಗೆಂದೇ ಬರೆಯಿರಿ, ಯಾವ ದೃಶ್ಯದಲ್ಲಿ ಯಾಕೆ ತಟ್ಟಲಿಲ್ಲ ಎಂಬುದರ ಸಮೇತ.